ಗಲ್ಲಾವೋ ಕಾಲೇಜೋ? ಹನ್ನೆರಡನೆಯ ತರಗತಿಯ ನಂತರ ನಮ್ಮ ಮಕ್ಕಳು



ಪ್ರತಿ ವರ್ಷ ಮೇ-ಜೂನ್ ತಿಂಗಳು ಬಂತೆಂದರೆ ನಮ್ಮ ಸಂಘದ ಕಚೇರಿಯಲ್ಲಿ ಎರಡು ವಿಷಯಗಳ ಮಾತು ಹೆಚ್ಚಾಗುತ್ತದೆ. ಒಂದು, ಮಳೆಗಾಲಕ್ಕೆ ಮುಂಚೆ ಮಾಡಿಸಬೇಕಾದ ಮೋರಿ, ಮಾಡು, ತಗಡಿನ ರಿಪೇರಿ. ಇನ್ನೊಂದು, ಮಕ್ಕಳ ಪರೀಕ್ಷೆಯ ಫಲಿತಾಂಶ. ಈ ಸಲವೂ ಹಾಗೆಯೇ ಆಯಿತು. ಉಪನಗರದಲ್ಲಿ ಮೂವತ್ತು ವರ್ಷಗಳಿಂದ ಹೋಟೆಲ್ ನಡೆಸುತ್ತಿರುವ ಒಬ್ಬ ಸದಸ್ಯ ಮಿತ್ರರು ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗ ಹನ್ನೆರಡನೆಯ ಕಾಮರ್ಸ್‌ನಲ್ಲಿ ಶೇ. 54 ಅಂಕ ಪಡೆದು ಪಾಸಾಗಿದ್ದಾನೆ. ಚಹಾ ಕುಡಿಯುತ್ತಾ ಅವರು ತುಳುವಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಅಣ್ಣ, ಇವನನ್ನು ಇನ್ನು ಮೂರು ವರ್ಷ ಕಾಲೇಜಿಗೆ ಕಳುಹಿಸಿ ಏನು ಪ್ರಯೋಜನ? ಅದೇ ಮೂರು ವರ್ಷ ಗಲ್ಲಾದಲ್ಲಿ ಕೂತರೆ ಹೋಟೆಲಾದರೂ ಕಲಿಯುತ್ತಾನೆ. ನಾವೇನು ಕಾಲೇಜಿಗೆ ಹೋದವರಾ?"

ಸುತ್ತ ಕುಳಿತವರಲ್ಲಿ ಹೆಚ್ಚಿನವರು ಹೌದು ಹೌದು ಎಂದರು. ಹುಡುಗ ಪಕ್ಕದಲ್ಲೇ ನಿಂತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ. ನಾವೂ ಕೇಳಲಿಲ್ಲ.

ಮನೆಗೆ ಹೋದ ಮೇಲೆ ಆ ಮಾತು ನಮ್ಮನ್ನು ಬಿಡಲಿಲ್ಲ. ಏಕೆಂದರೆ ಇದೇ ಪ್ರಶ್ನೆಗೆ ಹಿಂದೊಮ್ಮೆ ನಾವೇ ಉತ್ತರ ಕೊಟ್ಟಿದ್ದೇವೆ, ಅದರ ಬೆಲೆಯನ್ನೂ ತೆತ್ತಿದ್ದೇವೆ. ಆದ್ದರಿಂದ ಈ ವಿಷಯವನ್ನು ನಾಲ್ಕು ಜನರ ಮುಂದೆ ಇಡುವುದು ಒಳ್ಳೆಯದೆಂದು ಈ ಬರಹ.

ಓದದೆ ಗೆದ್ದವರ ಉದಾಹರಣೆ

ನಮ್ಮ ಉದ್ಯಮದಲ್ಲಿ ಓದಿನ ಮಾತು ಬಂದಾಗಲೆಲ್ಲ ಹಿರಿಯರ ಹೆಸರು ಬರುತ್ತದೆ. ಮಾಟುಂಗದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ಎ. ರಾಮ ನಾಯಕರು, ಕಡಂದಲೆಯಿಂದ ಹೊರಟು ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೃಷ್ಣ ರಾಯರು. ಇವರು ಅಡುಗೆಮನೆಯ ಕೆಲಸದಿಂದಲೇ ಮೇಲೆ ಬಂದವರು. ಇವರಿಗೆ ಯಾವ ಕಾಲೇಜು ಪಾಠ ಹೇಳಿತ್ತು ಎಂದು ಕೇಳಿದರೆ ಉತ್ತರವಿಲ್ಲ. ಇಂಥವರ ಬಗ್ಗೆ ನಮಗೆ ಹೆಮ್ಮೆ ಇದೆ, ಇರಬೇಕು.

ಆದರೆ ಒಂದು ಲೆಕ್ಕವನ್ನು ನಾವು ಮಾಡುವುದಿಲ್ಲ. ಅದೇ ಕಾಲದಲ್ಲಿ ಊರಿನಿಂದ ಬಸ್ಸು ಹತ್ತಿ ಬಂದು, ನಲವತ್ತು ವರ್ಷ ಟೇಬಲ್ ಒರೆಸಿ, ಹೋಟೆಲಿನ ಮಾಳಿಗೆಯಲ್ಲೇ ಮಲಗಿ, ಕೊನೆಗೆ ಮಂಡಿನೋವು ಹೊತ್ತು ಊರಿಗೆ ಮರಳಿದವರು ಎಷ್ಟು ಸಾವಿರ ಜನ? ಅವರ ಫೋಟೋ ಯಾವ ಸ್ಮರಣ ಸಂಚಿಕೆಯಲ್ಲೂ ಅಚ್ಚಾಗಿಲ್ಲ. ಅವರೂ ಓದಿರಲಿಲ್ಲ. ದುಡಿಮೆಯಲ್ಲಿ ಅವರು ಯಾರಿಗೂ ಕಡಿಮೆ ಇರಲಿಲ್ಲ. ಓದದೆ ಗೆದ್ದ ಹತ್ತು ಜನರನ್ನು ತೋರಿಸಿ ಓದು ಬೇಡ ಎನ್ನುವುದು, ಲಾಟರಿ ಬಂದ ಒಬ್ಬನನ್ನು ತೋರಿಸಿ ಎಲ್ಲರೂ ಟಿಕೆಟ್ ಕೊಳ್ಳಿ ಎಂದ ಹಾಗಾಯಿತು.

ಇನ್ನೊಂದು ಸಂಗತಿಯನ್ನೂ ಮರೆಯುತ್ತೇವೆ. ನಮ್ಮ ಹಿರಿಯರೇ ಓದನ್ನು ಕಡೆಗಣಿಸಿರಲಿಲ್ಲ. ಮುಂಬಯಿಗೆ ಬಂದ ಕನ್ನಡಿಗರು ಇಲ್ಲಿ ಮೊದಲು ಕಟ್ಟಿದ ಸಂಸ್ಥೆಗಳಲ್ಲಿ ರಾತ್ರಿ ಶಾಲೆಗಳಿವೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಷ್ಟು ಹಿಂದೆಯೇ ರಾತ್ರಿ ಶಾಲೆ ತೆರೆದಿತ್ತು. ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಪ್ರೌಢಶಾಲೆ ನಮಗೆಲ್ಲ ಗೊತ್ತು. ವಡಾಲದಲ್ಲಿ ನ್ಯಾಶನಲ್ ಕನ್ನಡ ಎಜುಕೇಶನ್ ಸೊಸೈಟಿ ಇದೆ. ಹಗಲೆಲ್ಲ ಕ್ಯಾಂಟೀನು, ಹೋಟೆಲುಗಳಲ್ಲಿ ದುಡಿದು ಸಂಜೆ ಕೈ ತೊಳೆದುಕೊಂಡು ಪುಸ್ತಕ ಹಿಡಿದು ರಾತ್ರಿ ಶಾಲೆಗೆ ಓಡುತ್ತಿದ್ದ ಹುಡುಗರಲ್ಲಿ ಮುಂದೆ ವಕೀಲರಾದವರಿದ್ದಾರೆ, ಬ್ಯಾಂಕ್ ಅಧಿಕಾರಿಗಳಾದವರಿದ್ದಾರೆ, ಹತ್ತು ಹೋಟೆಲುಗಳ ಮಾಲಕರಾದವರೂ ಇದ್ದಾರೆ. ಸಂಜೆ ಒಂದೆರಡು ಗಂಟೆ ಹುಡುಗನನ್ನು ಬಿಟ್ಟುಕೊಟ್ಟ ಶೇಟ್‌ಗಳೂ ಆಗ ಇದ್ದರು. ಅವರು ತಾವು ಓದಿರಲಿಲ್ಲ, ಆದರೆ ಓದುವವನನ್ನು ತಡೆಯಲಿಲ್ಲ.

ಇಂದಿನ ಹೋಟೆಲ್ ಬೇರೆ

ನಾವು ಎಸ್ಸೆಸ್ಸೆಲ್ಸಿ ಮುಗಿಸಿ 1979ರಲ್ಲಿ ಮುಂಬಯಿಗೆ ಬಂದಾಗ ಹೋಟೆಲಿನ ಜ್ಞಾನವೆಂದರೆ ಕೈಯಲ್ಲಿತ್ತು. ಉದ್ದು ಎಷ್ಟು ಹೊತ್ತು ನೆನೆಯಬೇಕು, ಮಳೆಗಾಲದಲ್ಲಿ ಹಿಟ್ಟು ಹುಳಿ ಬರಲು ಎಷ್ಟು ತಡ, ಕಾವಲಿ ಕಾದಿದೆಯೋ ಇಲ್ಲವೋ ಎಂದು ನೀರು ಚಿಮುಕಿಸಿ ನೋಡುವುದು ಹೇಗೆ, ಗಿರಾಕಿ ಬಾಗಿಲಲ್ಲಿ ನಿಂತ ಕೂಡಲೇ ಅವನು ಊಟಕ್ಕೆ ಬಂದವನೋ ಚಹಾಕ್ಕೆ ಬಂದವನೋ ಎಂದು ಹೇಳುವುದು, ಇದೆಲ್ಲ ನೋಡಿ, ಮಾಡಿ, ಬೈಸಿಕೊಂಡು ಕಲಿಯುವ ವಿದ್ಯೆ. ಈಗಲೂ ಅದು ಹಾಗೆಯೇ. ಯಾವ ಕಾಲೇಜೂ ಅದನ್ನು ಕಲಿಸಲಾರದು. ಇದರಲ್ಲಿ ನಮಗೆ ಸಂದೇಹವಿಲ್ಲ.

ಆದರೆ ಇಂದು ಹೋಟೆಲ್ ಮುಳುಗುವುದು ಹೆಚ್ಚಾಗಿ ಸಾಂಬಾರು ಕೆಟ್ಟದ್ದರಿಂದ ಅಲ್ಲ. ಕಾಗದದಿಂದ.

ಆಹಾರ ಸುರಕ್ಷೆ ಮತ್ತು ಗುಣಮಟ್ಟ ಕಾಯ್ದೆ 2006ರಲ್ಲಿ ಬಂತು, 2011ರಿಂದ ನಮ್ಮ ಲೈಸೆನ್ಸ್ ಅದರ ಅಡಿಯಲ್ಲಿದೆ. 25 ಮಂದಿ ಆಹಾರ ಕೆಲಸಗಾರರಿಗೆ ಒಬ್ಬ ತರಬೇತಿ ಪಡೆದ ಮೇಲ್ವಿಚಾರಕ ಇರಬೇಕೆಂದು ಆಹಾರ ಸುರಕ್ಷಾ ಪ್ರಾಧಿಕಾರ ಹೇಳುತ್ತದೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂತು. ಅದೇ ವರ್ಷದ ನವೆಂಬರಿನಿಂದ ನಮ್ಮಂಥ ಹೋಟೆಲುಗಳಿಗೆ ಶೇ. 5ರ ದರ ಬಂತು, ಆದರೆ ನಾವು ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಸೌಲಭ್ಯ ಹೋಯಿತು. ಹೊಸ ಫ್ರಿಜ್, ಗ್ರೈಂಡರ್, ಗ್ಯಾಸ್ ಸಿಲಿಂಡರ್, ಇವುಗಳ ಮೇಲಿನ ತೆರಿಗೆ ನಮ್ಮ ತಲೆಯ ಮೇಲೆಯೇ. ಇದನ್ನು ಸೇರಿಸದೆ ದೋಸೆಯ ದರ ಹಾಕಿದವರು ಒಂದೆರಡು ವರ್ಷ ಲಾಭವೆಂದೇ ತಿಳಿದು ನಷ್ಟದಲ್ಲಿ ನಡೆಸಿದರು. 2022ರ ಜನವರಿಯಿಂದ ಆ್ಯಪ್ ಮೂಲಕ ಬರುವ ಆರ್ಡರುಗಳ ಜಿಎಸ್‌ಟಿಯನ್ನು ಆ ಕಂಪನಿಗಳೇ ಕಟ್ಟುತ್ತವೆ. ಹಾಗಾಗಿ ಕೌಂಟರಿನ ವ್ಯಾಪಾರ, ಆ್ಯಪ್ ವ್ಯಾಪಾರ ಎರಡರ ಲೆಕ್ಕವೂ ಬೇರೆ ಬೇರೆ ಇಡಬೇಕು.

ಆ್ಯಪ್ ವ್ಯಾಪಾರದ ಒಂದು ಉದಾಹರಣೆ ನೋಡೋಣ. ಅಂಕಿಗಳು ಕೇವಲ ಲೆಕ್ಕ ತೋರಿಸಲಿಕ್ಕೆ, ನಿಮ್ಮ ನಿಮ್ಮ ಕರಾರಿನಂತೆ ಬದಲಾಗುತ್ತವೆ. 300 ರೂಪಾಯಿಯ ಆರ್ಡರ್ ಬಂತು. ನಮ್ಮ ಖರ್ಚಿನಲ್ಲಿ ಕೊಡುವ ಡಿಸ್ಕೌಂಟ್ 60 ರೂಪಾಯಿ. ಉಳಿದದ್ದು 240. ಕಮಿಷನ್ ಶೇ. 25 ಎಂದರೆ 60 ರೂಪಾಯಿ. ಆ ಕಮಿಷನ್ನಿನ ಮೇಲೆ ಶೇ. 18 ಜಿಎಸ್‌ಟಿ, 10 ರೂಪಾಯಿ 80 ಪೈಸೆ. ನಮ್ಮ ಕೈಗೆ ಬಂದದ್ದು 169 ರೂಪಾಯಿ 20 ಪೈಸೆ. ಅದರಲ್ಲಿ ಮಾಲಿಗೆ 105, ಡಬ್ಬಿ ಮತ್ತು ಚೀಲಕ್ಕೆ 12 ಹೋದರೆ ಮಿಕ್ಕಿದ್ದು 52 ರೂಪಾಯಿ 20 ಪೈಸೆ. ಇದರಲ್ಲೇ ಬಾಡಿಗೆ, ಸಂಬಳ, ಕರೆಂಟು, ಗ್ಯಾಸು. "ದಿನಕ್ಕೆ ಎಪ್ಪತ್ತು ಆರ್ಡರ್ ಬರುತ್ತದೆ" ಎಂದು ಹೇಳಿಕೊಳ್ಳುವ ಎಷ್ಟು ಜನ ಈ ಕೊನೆಯ ಸಾಲಿನ ತನಕ ಹೋಗಿ ನೋಡಿದ್ದೇವೆ?

"ಇದು ಏಳನೆಯ ತರಗತಿಯ ಲೆಕ್ಕ, ಇದಕ್ಕೆ ಬಿ.ಕಾಂ. ಯಾಕೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೂಡಿಸುವುದು ಕಳೆಯುವುದು ಏಳನೆಯದೇ. ಆದರೆ ಕಂಪನಿ ಕಳುಹಿಸಿದ ಹತ್ತು ಪುಟಗಳ ಇಂಗ್ಲಿಷ್ ಸ್ಟೇಟ್‌ಮೆಂಟ್ ಎದುರು ಕುಳಿತು, ಹೆದರದೆ, ಸಾಲು ಸಾಲಾಗಿ ಓದಿ, ತಿಳಿಯದ್ದನ್ನು ಫೋನು ಮಾಡಿ ಕೇಳುವ ಧೈರ್ಯ ಏಳನೆಯದಲ್ಲ. ಆ ಧೈರ್ಯ ಹೇಗೆ ಬರುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ಕಥೆ ಹೇಳುತ್ತೇವೆ.

ನಾವು ತೆತ್ತ ಬೆಲೆ

1996ರಲ್ಲಿ ನಾವು ಒಂದು ಹೋಟೆಲನ್ನು ಕಂಡಕ್ಟಿಂಗ್ ಮೇಲೆ ತೆಗೆದುಕೊಂಡೆವು. ಇಪ್ಪತ್ತೆರಡು ಪುಟಗಳ ಕರಾರು, ಎಲ್ಲ ಇಂಗ್ಲಿಷಿನಲ್ಲಿ. ಬರೆದ ವಕೀಲರು ಎದುರು ಪಾರ್ಟಿಯವರ ಕಡೆಯವರು. "ಓದಿ ನೋಡಿ" ಎಂದು ಅವರು ಕೊಟ್ಟರು. ನಾವು ಪುಟ ಮಗುಚಿದೆವು, ತಲೆಯಾಡಿಸಿದೆವು, ಸಹಿ ಹಾಕಿದೆವು. ನಮಗೆ ಅಕ್ಷರ ಬರುತ್ತಿತ್ತು, ಅರ್ಥ ಆಗುತ್ತಿರಲಿಲ್ಲ. ಅರ್ಥವಾಗುತ್ತಿಲ್ಲ ಎಂದು ಹೇಳಲು ನಾಚಿಕೆಯಾಯಿತು. ಆಗಲೇ ಒಂದು ಹೋಟೆಲಿನ ಮಾಲಕರಾಗಿದ್ದೆವಲ್ಲ!

ಅಡುಗೆಮನೆಯನ್ನು ಪೂರ್ತಿ ಹೊಸತು ಮಾಡಿದೆವು. ವ್ಯಾಪಾರ ಕುದುರಿತು. ಮೂರನೆಯ ವರ್ಷ ಒಂದು ತಿಂಗಳ ನೋಟಿಸು ಬಂತು. ಬಿಟ್ಟು ಹೋಗಬೇಕು, ಗೋಡೆಗೆ ನೆಲಕ್ಕೆ ಜೋಡಿಸಿದ್ದು ಯಾವುದನ್ನೂ ತೆಗೆಯುವಂತಿಲ್ಲ. ನಮ್ಮ ವಕೀಲರ ಹತ್ತಿರ ಓಡಿದೆವು. ಅವರು ಕರಾರು ಓದಿ ಕನ್ನಡಕ ತೆಗೆದು ಇಷ್ಟೇ ಹೇಳಿದರು: "ಇಲ್ಲೇ ಬರೆದಿದೆಯಲ್ಲ, ನೀವು ಓದಿರಲಿಲ್ಲವೇ?" ಹಾಕಿದ ದುಡ್ಡು ಹೋಯಿತು. ಸಾಲ ಉಳಿಯಿತು.

ಇಷ್ಟಾದ ಮೇಲೆ ನಮಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. 2006ರಲ್ಲಿ ಮಗ ಹನ್ನೆರಡನೆಯ ತರಗತಿ ಪಾಸಾದ. ಬಿ.ಕಾಂ.ಗೆ ಸೀಟು ಸಿಕ್ಕಿತ್ತು, ಫೀಸನ್ನೂ ಕಟ್ಟಿಯಾಗಿತ್ತು. ಅದೇ ಸಮಯಕ್ಕೆ ನಮ್ಮ ಮ್ಯಾನೇಜರ್ ಕೆಲಸ ಬಿಟ್ಟ. "ಒಂದು ವರ್ಷ ಗಲ್ಲಾದಲ್ಲಿ ಕೂರು, ಮತ್ತೆ ನೋಡೋಣ" ಎಂದೆವು. ಆ ಒಂದು ವರ್ಷ ಮುಗಿಯಲೇ ಇಲ್ಲ. ಅವನು ಎದುರು ಮಾತಾಡಲಿಲ್ಲ. ನಾವು ಅದನ್ನು ಒಪ್ಪಿಗೆಯೆಂದೇ ತಿಳಿದೆವು.

ಹೋಟೆಲ್ ಕೆಲಸದಲ್ಲಿ ಅವನು ನಮಗಿಂತ ಒಂದು ಕೈ ಮೇಲು. ಆದರೆ 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂತು. ಮುಂಬಯಿಯಲ್ಲಿ ಗಿರಾಕಿಗಳನ್ನು ಕೂರಿಸಿ ಬಡಿಸಲು ಅನುಮತಿ ಸಿಕ್ಕಿದ್ದು ಅಕ್ಟೋಬರ್ 5ಕ್ಕೆ, ಅದೂ ಅರ್ಧ ಸೀಟಿಗೆ. ಆ ಆರು ತಿಂಗಳು ಹೇಗೆ ಕಳೆದೆವೆಂದು ನಿಮಗೆ ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ ಕೇಂದ್ರ ಸರಕಾರ ತುರ್ತು ಸಾಲ ಖಾತರಿ ಯೋಜನೆ ತಂದಿತು. ಬ್ಯಾಂಕಿನಲ್ಲಿ ಸಾಲದ ಖಾತೆ ಸರಿಯಾಗಿ ಇಟ್ಟುಕೊಂಡ ಉದ್ಯಮಿಗೆ ಬಾಕಿಯ ಶೇ. 20ರಷ್ಟು ಹೊಸ ಸಾಲ, ಬೇರೆ ಅಡಮಾನವಿಲ್ಲದೆ. ಕೈಸಾಲ, ಚೀಟಿ ಹಣದ ಮೇಲೆಯೇ ಹೋಟೆಲ್ ನಡೆಸಿದವರಿಗೆ ಅದು ದಕ್ಕಲಿಲ್ಲ. ನಮಗೆ ಖಾತೆ ಇತ್ತು. ಆದರೆ ಬ್ಯಾಂಕಿನವರ ಜೊತೆ ಮಾತಾಡಿ, ಕೇಳಿದ ಕಾಗದ ಪತ್ರ ಒದಗಿಸಿ ಅದನ್ನು ಮಾಡಿಸಿದ್ದು ಮಗಳು. ಅವಳು ಬಿ.ಕಾಂ. ಮಾಡಿ ಮದುವೆಯಾಗಿ ಠಾಣೆಯಲ್ಲಿದ್ದಾಳೆ. ಮಗ ಬ್ಯಾಂಕಿನ ಬಾಗಿಲ ತನಕ ಹೋಗಿ ತಂಗಿಗೆ ಫೋನು ಮಾಡಿದ್ದ.

ಆ ದಿನಗಳಲ್ಲೊಮ್ಮೆ, ಕುರ್ಚಿಗಳನ್ನೆಲ್ಲ ಟೇಬಲಿನ ಮೇಲೆ ಮಗುಚಿ ಇಟ್ಟ ಖಾಲಿ ಹೋಟೆಲಿನಲ್ಲಿ ಕೂತಿದ್ದಾಗ ಅವನು ಹೇಳಿದ: "ಅಪ್ಪ, ನನಗೆ ಹೋಟೆಲ್ ಬೇಡವೆಂದಲ್ಲ. ಓದಿದ್ದರೂ ಬಹುಶಃ ಇದಕ್ಕೇ ಬರುತ್ತಿದ್ದೆ. ಆದರೆ ಈಗ ಇದು ಮುಚ್ಚಿದರೆ ನನಗೆ ಬೇರೆ ಏನೂ ಗೊತ್ತಿಲ್ಲ." ಹದಿನಾಲ್ಕು ವರ್ಷಗಳ ನಂತರ ಅವನ ಬಾಯಿಂದ ಬಂದ ಮಾತು. ನಮ್ಮ ಹತ್ತಿರ ಉತ್ತರವಿರಲಿಲ್ಲ.

ಆಮೇಲೆ ಅವನು ನಾಶಿಕದ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಾಯಿಸಿದ. ಇಬ್ಬರು ಮಕ್ಕಳ ತಂದೆ, ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಗಲ್ಲಾದಲ್ಲೇ ಪುಸ್ತಕ ಬಿಡಿಸುತ್ತಾನೆ. ಹದಿನೆಂಟರಲ್ಲಿ ಸುಲಭವಾಗಿ ಆಗುತ್ತಿದ್ದ ಕೆಲಸ. ಒಂದೆರಡು ಪೇಪರು ಇನ್ನೂ ಬಾಕಿ ಇವೆ.

ಎದುರು ವಾದದಲ್ಲಿಯೂ ಸತ್ಯವಿದೆ

ಹಾಗೆಂದು ಕಾಲೇಜೆಂದರೆ ಕಾಮಧೇನು ಎಂದು ನಾವು ಹೇಳುತ್ತಿಲ್ಲ. ಸರಕಾರದ ಕಾರ್ಮಿಕ ಸಮೀಕ್ಷೆಗಳಲ್ಲೇ ಶಾಲೆಗೆ ಹೋಗದವರಿಗಿಂತ ಪದವೀಧರರಲ್ಲಿ ನಿರುದ್ಯೋಗದ ಪ್ರಮಾಣ ಹೆಚ್ಚೆಂದು ಕಾಣುತ್ತದೆ. ಕಾಲೇಜು ಬೇಡವೆನ್ನುವವರು ಇದನ್ನೇ ಎತ್ತಿ ತೋರಿಸುತ್ತಾರೆ. ಆದರೆ ಇದರ ಅರ್ಥ ಸರಿಯಾಗಿ ತಿಳಿಯಬೇಕು. ಓದದವನಿಗೆ ಕೆಲಸವಿಲ್ಲದೆ ಕೂರುವ ಅನುಕೂಲವೇ ಇಲ್ಲ, ಸಿಕ್ಕಿದ್ದನ್ನು ಸಿಕ್ಕ ಸಂಬಳಕ್ಕೆ ಮಾಡುತ್ತಾನೆ. ಓದಿದವನು ಒಳ್ಳೆಯದಕ್ಕಾಗಿ ಕಾಯುತ್ತಾನೆ. ಕಾದು ಕಾದು ಸೋಲುವವರೂ ಇದ್ದಾರೆ, ಅದು ಸುಳ್ಳಲ್ಲ. ಕ್ಲಾಸಿಗೆ ಹೋಗದೆ ಗೈಡು ಓದಿ ಪಾಸಾಗಿ, ಪದವಿ ಬಂತೆಂದು ಟೇಬಲ್ ಒರೆಸಲು ನಾಚುವ ಹುಡುಗನನ್ನು ನಾವೂ ನೋಡಿದ್ದೇವೆ. ಅವನು ಕಾಲೇಜಿಗೂ ಸಲ್ಲಲಿಲ್ಲ, ಹೋಟೆಲಿಗೂ ಸಲ್ಲಲಿಲ್ಲ.

ಇನ್ನೊಂದು ತಪ್ಪು ನಮ್ಮಲ್ಲಿ ಈಚೆಗೆ ಹೆಚ್ಚಾಗಿದೆ. "ನಾವು ಪಟ್ಟ ಪಾಡು ಮಗನಿಗೆ ಬೇಡ" ಎಂದು ಅವನನ್ನು ಹೋಟೆಲಿನ ಹೊಸ್ತಿಲು ಮೆಟ್ಟಲೂ ಬಿಡದೆ, ಅವನಿಗೆ ಇಷ್ಟವಿದೆಯೋ ಇಲ್ಲವೋ ನೋಡದೆ, ಡೊನೇಶನ್ ಕೊಟ್ಟು, ಊರಿನ ಜಾಗ ಅಡವಿಟ್ಟು ಇಂಜಿನಿಯರಿಂಗಿಗೆ ಸೇರಿಸುವುದು. ಶೇ. 54 ಬಂದ ಹುಡುಗನಿಗೆ ಲಕ್ಷಗಟ್ಟಲೆ ಕೊಟ್ಟು ಕೊಂಡ ಸೀಟು ಹಣದ ನಾಶ, ಹುಡುಗನ ಮನಸ್ಸಿಗೂ ನಾಶ. ಗಲ್ಲಾಕ್ಕೆ ಎಳೆಯುವುದೂ ಇದೂ ಒಂದೇ ಜಾತಿಯ ತಪ್ಪು. ಎರಡರಲ್ಲೂ ಹುಡುಗನನ್ನು ಕೇಳಿರುವುದಿಲ್ಲ.

ಹೋಟೆಲ್ ಮ್ಯಾನೇಜ್‌ಮೆಂಟ್ ಓದಿಸಬೇಕೇ ಎಂದು ಹಲವರು ಕೇಳುತ್ತಾರೆ. ದಾದರದಲ್ಲಿ 1954ರಲ್ಲಿ ಆರಂಭವಾದ ಸಂಸ್ಥೆ ದೇಶದಲ್ಲೇ ಹೆಸರು ಮಾಡಿದೆ. ನಮ್ಮ ಮಣಿಪಾಲದಲ್ಲಿ ಒಳ್ಳೆಯ ಕಾಲೇಜು ಇದೆ. ಸರಕಾರಿ ಸಂಸ್ಥೆಗಳಿಗೆ ಅಖಿಲ ಭಾರತ ಮಟ್ಟದ ಪ್ರವೇಶ ಪರೀಕ್ಷೆ ಇದೆ. ಅಲ್ಲಿ ಕಲಿತವರು ಹೆಚ್ಚಾಗಿ ದೊಡ್ಡ ಹೋಟೆಲುಗಳಿಗೆ, ಹಡಗುಗಳಿಗೆ, ವಿದೇಶಕ್ಕೆ ಹೋಗುತ್ತಾರೆ. ನಮ್ಮ ನಲವತ್ತು ಸೀಟಿನ ಹೋಟೆಲಿಗೆ ಆ ಕಲಿಕೆ ನೇರವಾಗಿ ಹೊಂದುವುದಿಲ್ಲ, ಆದರೆ ಸ್ವಚ್ಛತೆ, ವೆಚ್ಚದ ಲೆಕ್ಕ, ದಾಸ್ತಾನು ಇಡುವ ಕ್ರಮ ಇವು ಖಂಡಿತ ಹೊಂದುತ್ತವೆ. ನಮ್ಮ ಸಲಹೆ ಇಷ್ಟೇ: ಹುಡುಗ ಮೊದಲು ಒಂದು ಬೇಸಿಗೆ ರಜೆ ಪೂರ್ತಿ ನಿಮ್ಮ ಅಡುಗೆಮನೆಯಲ್ಲಿ ಭಟ್ಟರ ಕೈಕೆಳಗೆ ನಿಲ್ಲಲಿ. ಆಮೇಲೂ ಈ ಕೆಲಸ ಬೇಕು ಎಂದರೆ ಪ್ರವೇಶ ಪರೀಕ್ಷೆ ಬರೆಯಿಸಿ. ಜಾಹೀರಾತು ನೋಡಿ ಹಣ ಕಟ್ಟಬೇಡಿ.

ಕಾಲೇಜು, ಜೊತೆಗೆ ಹೋಟೆಲ್

ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇವೆ. ಹನ್ನೆರಡನೆಯದು ಪಾಸಾದ ಮಗುವನ್ನು ಕಾಲೇಜಿಗೆ ಕಳುಹಿಸಿ. ಕೆಲಸ ಸಿಗುತ್ತದೆ ಎಂಬ ಕಾರಣಕ್ಕಲ್ಲ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅವನ ಎದುರು ಎರಡು ದಾರಿ ಇರಬೇಕು ಎಂಬ ಕಾರಣಕ್ಕೆ. ಬೇರೆ ದಾರಿಯಿದ್ದೂ ಹೋಟೆಲಿಗೆ ಬಂದವನು ಹೋಟೆಲನ್ನು ಬೆಳೆಸುತ್ತಾನೆ. ದಾರಿಯಿಲ್ಲದೆ ಬಂದವನು ಅದನ್ನು ಕಾಯುತ್ತಾನೆ, ಅಷ್ಟೆ.

ಮುಂಬಯಿ, ಪುಣೆಗಳಲ್ಲಿ ಆರ್ಟ್ಸ್, ಕಾಮರ್ಸ್ ತರಗತಿಗಳು ಬೆಳಿಗ್ಗೆ ಏಳಕ್ಕೇ ಆರಂಭವಾಗಿ ಮಧ್ಯಾಹ್ನದೊಳಗೆ ಮುಗಿಯುವ ಕಾಲೇಜುಗಳು ಬೇಕಾದಷ್ಟಿವೆ. ಸರಕಾರದ ಅನುದಾನವಿರುವ ಬಿ.ಕಾಂ.ಗೆ ಫೀಸು ಭಾರವಲ್ಲ. ಹುಡುಗ ಸಂಜೆ ಎರಡು ಮೂರು ಗಂಟೆ ಹೋಟೆಲಿಗೆ ಬರಲಿ. ಬಂದವನನ್ನು ನೇರ ಗಲ್ಲಾದಲ್ಲಿ ಕೂರಿಸಬೇಡಿ. ಆರು ತಿಂಗಳು ಸ್ಟೋರ್, ಆರು ತಿಂಗಳು ಅಡುಗೆಮನೆ, ಆರು ತಿಂಗಳು ಸಪ್ಲೈ, ಕೊನೆಗೆ ಲೆಕ್ಕ. ಮಾಡಿದ ಗಂಟೆಗೆ ಸಂಬಳ ಕೊಡಿ, ಚಿಕ್ಕದಾದರೂ ಸರಿ. ಪರೀಕ್ಷೆಯ ತಿಂಗಳು ಕರೆಯಬೇಡಿ. ಮ್ಯಾನೇಜರ್ ಓಡಿಹೋದರೂ ಕರೆಯಬೇಡಿ.

2020ರ ಹೊಸ ಶಿಕ್ಷಣ ನೀತಿಯ ಪ್ರಕಾರ ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ, ಮೂರು ವರ್ಷಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂಬ ವ್ಯವಸ್ಥೆ ಬಂದಿದೆ. ಮಧ್ಯದಲ್ಲಿ ಬಿಡಬೇಕಾದರೂ ಓದಿದ್ದು ಪೂರ್ತಿ ವ್ಯರ್ಥವಾಗದು, ಮತ್ತೆ ಸೇರಲೂಬಹುದು. ನಮ್ಮ ಮಗನ ಕಾಲದಲ್ಲಿ ಇದು ಇರಲಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ನಾವು ವಿಚಿತ್ರ ಜನ. ಮಗಳನ್ನು ಪದವಿ ತನಕ ಓದಿಸುತ್ತೇವೆ, ಸಿ.ಎ. ಮಾಡಿಸಿದವರೂ ಇದ್ದಾರೆ, ಆದರೆ ಹೋಟೆಲಿನ ಒಂದು ಲೆಕ್ಕ ಪುಸ್ತಕವನ್ನೂ ಅವಳಿಗೆ ತೋರಿಸುವುದಿಲ್ಲ. ಮಗನನ್ನು ಓದಿಸದೆ ಎಲ್ಲವನ್ನೂ ಅವನ ಕೈಗೆ ಕೊಡುತ್ತೇವೆ. ನಮ್ಮ ಹೋಟೆಲನ್ನು 2020ರಲ್ಲಿ ಉಳಿಸಿದ್ದು ಮಗಳ ಓದು. ಇದನ್ನು ಬರೆಯುವಾಗ ನಮಗೆ ಹೆಮ್ಮೆಯೂ ಇದೆ, ನಾಚಿಕೆಯೂ ಇದೆ.

ನಮ್ಮ ಹುಡುಗರು

ಕೊನೆಯದಾಗಿ, ನಮ್ಮ ಮಕ್ಕಳ ಮಾತು ಮಾತ್ರ ಆಡಿದರೆ ಸಾಲದು. ನಮ್ಮ ಹೋಟೆಲುಗಳಲ್ಲಿ ದುಡಿಯುವ ಹುಡುಗರೂ ಇದ್ದಾರೆ. ಹದಿನಾಲ್ಕರ ಕೆಳಗಿನ ಮಕ್ಕಳನ್ನು ಹೋಟೆಲ್ ಕೆಲಸಕ್ಕೆ ಇಡಬಾರದೆಂದು 2006ರ ಅಕ್ಟೋಬರಿನಲ್ಲೇ ನಿಷೇಧ ಬಂತು, 2016ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಒಳ್ಳೆಯದೇ ಆಯಿತು. ಈಗ ಬರುವವರು ಹತ್ತನೆಯದೋ ಹನ್ನೆರಡನೆಯದೋ ಮುಗಿಸಿದ ಹದಿನೆಂಟರ ಹುಡುಗರು. ನಮ್ಮ ಊರಿನವರು ಕಡಿಮೆ, ಉತ್ತರ ಭಾರತ, ಒಡಿಶಾ, ನೇಪಾಳದವರು ಹೆಚ್ಚು. ಅವರಲ್ಲಿ ಓದಬೇಕೆಂಬ ಆಸೆಯಿರುವವನು ಹತ್ತರಲ್ಲಿ ಒಬ್ಬನಾದರೂ ಸಿಗುತ್ತಾನೆ. ಇಗ್ನೋ ಇದೆ, ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯ ಇದೆ. ಅವನಿಗೆ ಬೇಕಾದದ್ದು ನಿಗದಿಯಾದ ಪಾಳಿ, ಪರೀಕ್ಷೆಗೆ ಸಂಬಳ ಕಡಿಯದ ರಜೆ, ಬೇಕಾದರೆ ಫೀಸಿಗೆ ಮುಂಗಡ. "ಓದಿಸಿದರೆ ಬಿಟ್ಟು ಹೋಗುತ್ತಾನೆ" ಎಂಬ ಭಯ ಬೇಡ. ಓದಿಸದವರೂ ಬಿಟ್ಟೇ ಹೋಗುತ್ತಿದ್ದಾರೆ, ಇನ್ನೂರು ರೂಪಾಯಿ ಹೆಚ್ಚಿಗೆ ಸಿಕ್ಕಿದರೆ ಸಾಕು. ನಮ್ಮ ಹಿರಿಯರು ಸಂಜೆ ಹುಡುಗರನ್ನು ರಾತ್ರಿ ಶಾಲೆಗೆ ಬಿಟ್ಟದ್ದರಿಂದ ಅವರ ಹೋಟೆಲ್ ಮುಚ್ಚಲಿಲ್ಲ.

ಸಂಘಕ್ಕೂ ಒಂದು ಮಾತು. ವಾರ್ಷಿಕೋತ್ಸವದಲ್ಲಿ ಶೇ. 90ಕ್ಕೆ ಮೇಲೆ ಪಡೆದ ಮಕ್ಕಳಿಗೆ ಪ್ರತಿಭಾ ಪುರಸ್ಕಾರ ಕೊಡುತ್ತೇವೆ, ಫೋಟೋ ತೆಗೆಸುತ್ತೇವೆ. ಕೊಡೋಣ. ಆದರೆ ಶೇ. 90 ಬಂದವರನ್ನು ಯಾರು ತಡೆದರೂ ಅವರು ಓದುತ್ತಾರೆ. ನಮ್ಮ ಗಲ್ಲಾಕ್ಕೆ, ನಮ್ಮ ಅಡುಗೆಮನೆಗೆ ಬರುವವರು ಶೇ. 50ರ ಮಕ್ಕಳು. ವೇದಿಕೆಯ ಹೂವು, ಶಾಲು, ಸ್ಮರಣಿಕೆಗಳ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ಸದಸ್ಯರ ಮತ್ತು ಕೆಲಸಗಾರರ ಇಂಥ ಮಕ್ಕಳ ಮೊದಲ ವರ್ಷದ ಫೀಸಿಗೆ ಒಂದು ನಿಧಿ ಮಾಡಬಹುದೇ? ಮುಂದಿನ ಮಹಾಸಭೆಯಲ್ಲಿ ಈ ಪ್ರಸ್ತಾಪವನ್ನು ನಾವೇ ಇಡುತ್ತೇವೆ. ಒಪ್ಪುವವರೂ ಒಪ್ಪದವರೂ ಬಂದು ಮಾತಾಡಬೇಕು.

ಇನ್ನು ಶೇ. 54 ಪಡೆದ ಆ ಹುಡುಗನ ಕಥೆ. ಮರುದಿನ ನಾವೇ ಅವರ ಹೋಟೆಲಿಗೆ ಹೋದೆವು. ತಂದೆ ಮಾರ್ಕೆಟಿಗೆ ಹೋಗಿದ್ದರು, ಹುಡುಗ ಗಲ್ಲಾದಲ್ಲಿದ್ದ. "ನಿನಗೆ ಏನು ಮಾಡಬೇಕೆಂದಿದೆ ಮಗಾ?" ಎಂದು ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಿ.ಕಾಂ. ಮಾಡಬೇಕು ಅಂಕಲ್. ಹೋಟೆಲೂ ಬೇಕು. ಎರಡೂ ಆಗುವುದಿಲ್ಲ ಅಂತಾರೆ ಅಪ್ಪ" ಎಂದ. ಅಷ್ಟರಲ್ಲಿ ಗಿರಾಕಿ ಬಂದರು, ಅವನು ಬಿಲ್ಲು ನೋಡಿ ಚಿಲ್ಲರೆ ಎಣಿಸತೊಡಗಿದ.

ಪ್ರವೇಶಕ್ಕೆ ಇನ್ನೂ ಕೆಲವು ದಿನಗಳಿವೆ. ತಂದೆಯ ಜೊತೆ ಮಾತಾಡುವುದಾಗಿ ಹುಡುಗನಿಗೆ ಹೇಳಿ ಬಂದಿದ್ದೇವೆ. ನಿಮ್ಮ ಮನೆಯಲ್ಲೂ ಇಂಥ ಹುಡುಗ, ಹುಡುಗಿ ಇದ್ದರೆ, ಫೀಸಿನ ಲೆಕ್ಕ, ಗಲ್ಲಾದ ಲೆಕ್ಕ ಹಾಕುವ ಮೊದಲು ಒಮ್ಮೆ ಅವರನ್ನು ಕರೆದು ಕೂರಿಸಿ ಕೇಳಿ. ನಾವು 2006ರಲ್ಲಿ ಕೇಳಲಿಲ್ಲ.